ಗರುಡನಿಗೆ ಕೈ ಮುಗಿದು, ಹದ್ದಿಗೆ ಕಲ್ಲು ಬೀಸಿ

ನಮ್ಮ ಅತ್ತೆಗೆ ಅಳಿಲು ಅಂದರೆ ಜೀವ. ದಿನಾ ಬೆಳಗ್ಗೆ ಬಾಲ್ಕನಿಯ ಕಟ್ಟೆ ಮೇಲೆ ನಾಲ್ಕು ಕಡಲೆಕಾಯಿ ಬೀಜ ಇಡುತ್ತಾರೆ. ಅಳಿಲಿನ ಬೆನ್ನಿನ ಗೆರೆ ರಾಮ ಸವರಿದಾಗ ಮೂಡಿದ್ದು ಅನ್ನುವ ಕಥೆಯನ್ನು ನನ್ನ ಮಗಳಿಗೆ ಐವತ್ತು ಸಲವಾದರೂ ಹೇಳಿರಬೇಕು. ಹೋದ ವರ್ಷ ಮಾರ್ಚಿನ ಒಂದು ಶನಿವಾರ ಅವರು ಕಾಫಿ ಲೋಟ ಹಿಡಿದು ಕೂತಿದ್ದರು. ಅವರ ಕಣ್ಣೆದುರಿಗೇ ಆ ಅಳಿಲನ್ನು ಒಂದು ಹಕ್ಕಿ ಎತ್ತಿಕೊಂಡು ಹೋಯಿತು.

ಸದ್ದೇ ಇಲ್ಲವಂತೆ. ಎದುರಿನ ಖಾಲಿ ಸೈಟಿನಲ್ಲಿ ಒಂದು ಹಳೇ ಮಾವಿನ ಮರ ಇದೆ. ಅಲ್ಲಿಂದ ಬೂದು ಬಣ್ಣದ್ದೇನೋ ಜಾರಿ ಬಂತು, ಕಟ್ಟೆ ಮೇಲೆ ಒಮ್ಮೆ ತಟ್ಟಿದ ಹಾಗಾಯಿತು, ನೋಡಿದರೆ ಅಳಿಲಿಲ್ಲ. ಅತ್ತೆ ಕೂಗಿದ ಕೂಗಿಗೆ ನಾನು ಒಲೆ ಆರಿಸಿ ಓಡಿ ಬಂದೆ.

"ಗಿಡುಗ ಕಣೇ! ನಮ್ಮ ಅಳಿಲನ್ನ ಎತ್ಕೊಂಡು ಹೋಯ್ತು. ಅದೂ ಶನಿವಾರ!"

ಅದೂ ಶನಿವಾರ. ನಮ್ಮ ಮನೆಯಲ್ಲಿ ಸೋಮವಾರ ಮತ್ತು ಶನಿವಾರ ಮಾಂಸ ಮಾಡುವುದಿಲ್ಲ. ಭಾನುವಾರ ಮಾತ್ರ ಅತ್ತೆಯೇ ನಿಂತು ಕೋಳಿ ಸಾರು ಮಾಡುತ್ತಾರೆ, ಮುದ್ದೆ ತಿರುವುತ್ತಾರೆ. ಆ ಹಕ್ಕಿಗೆ ಒಂದು ದಿನ ತಡೆದುಕೊಳ್ಳೋಕೆ ಆಗಲಿಲ್ಲವಾ ಅನ್ನುವುದು ಅವರ ಕೋಪ. ನನಗೆ ನಗು ಬಂತು, ಆದರೆ ನಗಲಿಲ್ಲ. ಅಳಿಲು ಸತ್ತಿದ್ದಕ್ಕೆ ನನಗೂ ಹೊಟ್ಟೆ ಚುರ್ ಅಂದಿತ್ತು.

ಆ ಹಕ್ಕಿ ಬಿಜ್ಜು. ಇಂಗ್ಲಿಷಿನವರು ಹಿಂದಿಯ ಹೆಸರನ್ನೇ ಎತ್ತಿಕೊಂಡು ಶಿಕ್ರಾ ಅನ್ನುತ್ತಾರೆ, ಶಿಕಾರಿ ಅನ್ನುವ ಮಾತಿನ ನೆಂಟ. ಗಾತ್ರ ಹೆಚ್ಚುಕಡಿಮೆ ಪಾರಿವಾಳದ್ದು. ಬೆನ್ನು ಬೂದಿ ಬಣ್ಣ, ಎದೆ ತುಂಬ ತೆಳ್ಳನೆಯ ಕಂದು ಪಟ್ಟಿ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿಗೆ ತಿರುಗಿದ ಕಿತ್ತಳೆ. ನಮ್ಮ ಕುಣಿಗಲ್ ಕಡೆ ಈ ಥರದ್ದಕ್ಕೆಲ್ಲ ಗಿಡುಗ ಅಂತಲೋ ಡೇಗೆ ಅಂತಲೋ ಅಂದು ಮುಗಿಸಿಬಿಡುತ್ತಾರೆ. ಹಿಂದೆ ಇದನ್ನು ಹಿಡಿದು ಪಳಗಿಸಿ ಬೇಟೆಗೆ ಬಿಡುತ್ತಿದ್ದರು. ಸಣ್ಣದು, ಬೇಗ ಕಲಿಯುತ್ತದೆ ಅಂತ ಹೊಸಬರಿಗೆ ಇದನ್ನೇ ಕೊಡುತ್ತಿದ್ದರಂತೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳನ್ನು ಬರೆಯುತ್ತಾ ಡೇಗೆ ಬೇಟೆಗೂ ಜಾಗ ಕೊಟ್ಟಿದ್ದಾನೆ. ಈಗ ಹಾಗೆ ಸಾಕಿದರೆ 1972ರ ವನ್ಯಜೀವಿ ಕಾಯ್ದೆ ಸುಮ್ಮನೆ ಬಿಡುವುದಿಲ್ಲ.

ಒಂದು ವಾರದಲ್ಲಿ ವಿಷಯ ಗೊತ್ತಾಯಿತು. ಒಂದಲ್ಲ, ಎರಡು ಬಿಜ್ಜು. ಮಾವಿನ ಮರದ ಕವಲಿನಲ್ಲಿ ಗೂಡು ಕಟ್ಟುತ್ತಿದ್ದವು. ಮೂರನೇ ಮಹಡಿಯ ನಮ್ಮ ಬಾಲ್ಕನಿಗೂ ಆ ಗೂಡಿಗೂ ಒಂದೇ ಎತ್ತರ. ನಡುವೆ ರಸ್ತೆ ಮಾತ್ರ. ಇಂಥ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಗೂಡು ಅಂದರೆ ಅಂಥ ಕಲೆಗಾರಿಕೆ ಏನಿಲ್ಲ. ಕಾಗೆ ಗೂಡಿನ ಹಾಗೇ ಕಡ್ಡಿ ಮೇಲೆ ಕಡ್ಡಿ. ಗೀಜಗ ನೋಡಿದರೆ ಮುಸಿಮುಸಿ ನಗಬಹುದು.

ಅತ್ತೆ ಮೊದಲ ದಿನವೇ ತೀರ್ಮಾನ ಕೊಟ್ಟರು: "ಓಡಿಸು." ನಾನು ಓಡಿಸಲಿಲ್ಲ. ಬದಲಿಗೆ ಗಂಡನ ಹಳೇ ಬೈನಾಕ್ಯುಲರ್ ಹುಡುಕಿ ತೆಗೆದೆ.

ಮೊಟ್ಟೆ ಇಟ್ಟ ಮೇಲೆ ಹೆಣ್ಣು ಗೂಡು ಬಿಟ್ಟು ಏಳಲೇ ಇಲ್ಲ ಅನ್ನಬೇಕು. ಮೂರು ವಾರದ ಆಸುಪಾಸು ಹಾಗೇ ಕೂತಿತ್ತು. ಊಟ ತರುವುದು ಪೂರ್ತಿ ಗಂಡಿನ ಕೆಲಸ. ಅದು ನೇರವಾಗಿ ಗೂಡಿಗೆ ಬರುತ್ತಿರಲಿಲ್ಲ. ಪಕ್ಕದ ತೆಂಗಿನ ಗರಿಯ ಮೇಲೆ ಕೂತು, ತಂದದ್ದರ ಪುಕ್ಕ ಕಿತ್ತು, ಚೊಕ್ಕ ಮಾಡಿ "ಕೀ-ಕ್ಯೂ, ಕೀ-ಕ್ಯೂ" ಅನ್ನುತ್ತಿತ್ತು. ಹೆಣ್ಣು ಎದ್ದು ಬಂದು ಕಸಿದುಕೊಂಡಂತೆ ಇಸಕೊಂಡು ಹೋಗುತ್ತಿತ್ತು. ಒಂದು ಥ್ಯಾಂಕ್ಸ್ ಕೂಡ ಇಲ್ಲ. ಇದನ್ನು ನೋಡಿ ನನ್ನ ಗಂಡ ಏನೋ ಹೇಳಲು ಹೋದರು. ನಾನು ಒಮ್ಮೆ ನೋಡಿದೆ. ಸುಮ್ಮನಾದರು.

ಹೆಣ್ಣು ಗಂಡಿಗಿಂತ ದೊಡ್ಡದು. ಬಿಜ್ಜುವಿನಲ್ಲಿ ಮಾತ್ರ ಅಲ್ಲ, ಬೇಟೆಯಾಡುವ ಹಕ್ಕಿಗಳಲ್ಲಿ ಹೆಚ್ಚಿನವು ಹಾಗೇ. ಹಾರುವ ಹಕ್ಕಿಯನ್ನೇ ಹಿಡಿದು ತಿನ್ನುವ ಜಾತಿಗಳಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಸತ್ತದ್ದನ್ನು ತಿನ್ನುವ ರಣಹದ್ದುಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಗಾತ್ರ. ಯಾಕೆ ಹೀಗೆ ಅನ್ನುವುದಕ್ಕೆ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ನನಗೆ ಹಿಡಿಸಿದ ವಾದ ಇದು: ಸಣ್ಣ ಗಂಡಿಗೆ ಚುರುಕು ಜಾಸ್ತಿ, ಸಣ್ಣಪುಟ್ಟ ಬೇಟೆ ಬೇಗ ಬೇಗ ತರಬಹುದು. ದೊಡ್ಡ ಹೆಣ್ಣು ಗೂಡು ಕಾಯಬಹುದು, ಮರಿ ಬಲಿತ ಮೇಲೆ ದೊಡ್ಡ ಬೇಟೆಗೂ ಹೋಗಬಹುದು. ಅಂದರೆ ಮೈಯ ಅಳತೆಯನ್ನೂ ಊಟವೇ ತೀರ್ಮಾನ ಮಾಡಿದೆ.

ಬೈನಾಕ್ಯುಲರ್ ಹಿಡಿದು ಕೂತ ಮೇಲೆ ನನಗೆ ಎಲ್ಲದರಲ್ಲೂ ಇದೇ ಕಾಣತೊಡಗಿತು. ಬಿಜ್ಜುವಿನ ರೆಕ್ಕೆ ಮೊಂಡು, ಬಾಲ ಉದ್ದ. ಕೊಂಬೆಗಳ ಸಂದಿಯಲ್ಲಿ ನುಗ್ಗಿ ತಟ್ಟನೆ ತಿರುಗಲು ಅದೇ ಬೇಕು. ಹದ್ದಿಗೆ ಉದ್ದ ರೆಕ್ಕೆ. ಅದು ಗಂಟೆಗಟ್ಟಲೆ ಬಿಸಿಗಾಳಿಯ ಮೇಲೆ ತೇಲುತ್ತಾ ಇಡೀ ಬಡಾವಣೆಯ ಕಸ ತಪಾಸಣೆ ಮಾಡಬೇಕಲ್ಲ. ಕೊಲ್ಲುವ ರೀತಿಯೂ ಬೇರೆ ಬೇರೆ. ಚಾಣ ಅನ್ನುವ ಬೇಟೆ ಹಕ್ಕಿಗಳ ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಒಂದು ಮೊನೆ ಇರುತ್ತದೆ, ಕತ್ತು ಕಚ್ಚಿ ಮುರಿಯುತ್ತವೆ. ಬಿಜ್ಜು ಕಾಲಿನಿಂದಲೇ ಕೊಲ್ಲುತ್ತದೆ. ನಾವು ಒದ್ದೆ ಬಟ್ಟೆ ಹಿಂಡುವ ಹಾಗೆ ಉಗುರು ಬಿಗಿದು ಬಿಗಿದು ಹಿಸುಕುತ್ತದೆ. ಕೆಲವು ಸಲ ಬೇಟೆ ಪೂರ್ತಿ ಸಾಯುವುದಕ್ಕೆ ಮೊದಲೇ ತಿನ್ನಲು ಶುರು ಮಾಡುತ್ತದೆ. ಇದನ್ನು ಒಂದು ಸಲ ನೋಡಿದ್ದೇನೆ, ಒಂದು ಮೈನಾ. ಬೈನಾಕ್ಯುಲರ್ ಕೆಳಗಿಟ್ಟು ಒಳಗೆ ಬಂದುಬಿಟ್ಟೆ. ಪ್ರಕೃತಿಯಲ್ಲಿ ಎಲ್ಲ ಸುಂದರ ಅನ್ನುವವರು ಬೆಳಗ್ಗೆ ಏಳು ಗಂಟೆಗೆ ನಮ್ಮ ಬಾಲ್ಕನಿಗೆ ಬರಬೇಕು.

ಆದರೆ ಗುರಿ ತಪ್ಪಿದ್ದೇ ಜಾಸ್ತಿ. ಒಂದು ಭಾನುವಾರ ಬೆಳಗ್ಗೆ ಪೂರ್ತಿ ನೋಡುತ್ತಾ ಕೂತೆ. ಏಳು ಸಲ ಎರಗಿತು. ಸಿಕ್ಕಿದ್ದು ಒಂದು ಓತಿಕ್ಯಾತ. ಪಿಕಳಾರಗಳು ಪೊದೆಯೊಳಗೆ ಬಿದ್ದುಕೊಂಡವು. ಹರಟೆಮಲ್ಲಗಳ ಗುಂಪು ಒಟ್ಟಿಗೆ ಸೇರಿ ಬೈದು ಓಡಿಸಿತು. ಕಾಜಾಣ ಒಂದಂತೂ ತಲೆಯ ಮೇಲೇ ಕುಕ್ಕಿತು. ಈ ಕಾಜಾಣದ ಕಿಡಿಗೇಡಿತನ ಕೇಳಿ, ಅದು ಬಿಜ್ಜುವಿನ ಕೂಗನ್ನೇ ಅಣಕಿಸುತ್ತದೆ. ನಾನು ಎಷ್ಟೋ ಸಲ ಕೂಗು ಕೇಳಿ ಓಡಿ ಬಂದರೆ ವೈರಿನ ಮೇಲೆ ಕರಿ ಕಾಜಾಣ ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತಿತ್ತು. ಬಿಜ್ಜುವಿನ ವೇಷ ಹಾಕುವ ಇನ್ನೊಂದು ಹಕ್ಕಿಯೂ ಇದೆ. ಬೇಸಿಗೆ ರಾತ್ರಿಯಲ್ಲಿ ಸ್ವರ ಏರಿಸಿ ಏರಿಸಿ ಕೂಗಿ ನಿದ್ದೆ ಕೆಡಿಸುತ್ತದಲ್ಲ, ಆ ಕೋಗಿಲೆ ಜಾತಿಯ ಹಕ್ಕಿ. ಮೈ ಬಣ್ಣ, ಪಟ್ಟಿ, ಹಾರುವ ಠೀವಿ ಎಲ್ಲ ಬಿಜ್ಜುವಿನದೇ. ಮೊಟ್ಟೆ ಇಡುವುದು ಮಾತ್ರ ಹರಟೆಮಲ್ಲಗಳ ಗೂಡಿನಲ್ಲಿ.

ಅತ್ತೆ ಯಾವಾಗ ಬದಲಾದರು ಅಂತ ಸರಿಯಾಗಿ ಹೇಳಲಾರೆ. ಏಪ್ರಿಲ್ ಕೊನೆಗೆ ಅಡುಗೆಮನೆಯ ಕ್ಯಾಲೆಂಡರ್ ನೋಡಿದಾಗ ನನಗೆ ಗೊತ್ತಾಯಿತು. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲಿ ಸಣ್ಣ ಅಕ್ಷರದಲ್ಲಿ "ಓತಿ 2", "ಗುಬ್ಬಿ 1", "ಇಲಿ?" ಅಂತೆಲ್ಲ ಇತ್ತು. ಪ್ರಶ್ನೆ ಚಿಹ್ನೆಯೂ ಅವರದೇ. ಕೇಳಿದ್ದಕ್ಕೆ, "ಬಸುರಿ ಬಾಣಂತಿ ಮನೆ ಕಣೇ, ಏನು ತಿಂತಾರೆ ಅಂತ ನೋಡೋದು ಬೇಡ್ವಾ?" ಅಂದರು.

ಆ ಲೆಕ್ಕದಲ್ಲಿ ಓತಿಕ್ಯಾತವೇ ಮುಂದು. ಅಳಿಲು ಇಡೀ ಬೇಸಿಗೆಗೆ ಮೂರು. ಸಣ್ಣ ಹಕ್ಕಿ, ಇಲಿಮರಿ, ಒಂದೆರಡು ಕಪ್ಪೆ. ಮರದ ಬುಡದಲ್ಲಿ ನನ್ನ ಮಗಳು ಬೂದು ಬಣ್ಣದ ಉಂಡೆಗಳನ್ನು ಹೆಕ್ಕಿ ತಂದಳು. ಅದು ಹಿಕ್ಕೆಯಲ್ಲ, ಜೀರ್ಣವಾಗದ ಕೂದಲು, ಪುಕ್ಕ, ಹುಳದ ಚಿಪ್ಪು ಎಲ್ಲ ಒತ್ತಿ ಉಂಡೆಯಾಗಿ ಬಾಯಿಂದಲೇ ಹೊರಗೆ ಬರುವಂಥದ್ದು. ಗೂಬೆಯ ಉಂಡೆ ಬಿಡಿಸಿದರೆ ಇಲಿಯ ತಲೆಬುರುಡೆ ಹಾಗೇ ಸಿಗುತ್ತದೆ. ಬಿಜ್ಜು, ಹದ್ದುಗಳ ಹೊಟ್ಟೆಯ ಹುಳಿ ಜೋರು, ಮೂಳೆ ಹೆಚ್ಚಿನದು ಕರಗಿಹೋಗುತ್ತದೆ. ಮಗಳು ಅದನ್ನು ನನ್ನ ಹಪ್ಪಳದ ಡಬ್ಬಿಯಲ್ಲಿ ಇಟ್ಟಿದ್ದಳು ಅನ್ನುವುದು ಬೇರೆ ಮಾತು.

ಅಜ್ಜಿಯ ಕಾಲದಲ್ಲಿ ಈ ಹಕ್ಕಿಗಳ ಊಟದ ಲೆಕ್ಕ ಇಡುವ ರೀತಿಯೇ ಬೇರೆ ಇತ್ತು. ಎಷ್ಟು ಕೋಳಿಮರಿ ಹೋದವು, ಅಷ್ಟೇ. ಮರಿ ಮಾಡಿದ ಕೋಳಿಯನ್ನು ಹಿತ್ತಲಲ್ಲಿ ಬಿಟ್ಟರೆ ನಮ್ಮಲ್ಲಿ ಯಾರಾದರೊಬ್ಬರು ಕಾವಲು. ನೆಲದ ಮೇಲೆ ನೆರಳು ಸರಿದರೆ ಸಾಕು, ನಮಗಿಂತ ಮೊದಲು ಕೋಳಿಗೆ ಗೊತ್ತಾಗುತ್ತಿತ್ತು. ಗಂಟಲಿನಲ್ಲೇ ಒಂಥರಾ ಗುರ್ ಅನ್ನುತ್ತಿತ್ತು, ಮರಿಗಳೆಲ್ಲ ರೆಕ್ಕೆಯಡಿ. ಅಜ್ಜಿ ಒಳಗಿಂದಲೇ "ಹೋ... ಹದ್ದು! ಮಂಕರಿ ಮುಚ್ರೋ!" ಅಂತ ಕೂಗುತ್ತಿದ್ದಳು. ನಾವು ಕಲ್ಲು ಬೀಸುತ್ತಿದ್ದೆವು. ಒಂದೂ ತಾಗಿದ್ದಿಲ್ಲ. ಅದೇ ಅಜ್ಜಿ ಕೆರೆ ಏರಿ ಮೇಲೆ ಗರುಡ ಕಂಡರೆ ನಿಂತು, ಗಲ್ಲ ಗಲ್ಲ ಬಡಿದುಕೊಂಡು, ನಮಗೂ ಕೈ ಮುಗಿಸುತ್ತಿದ್ದಳು. ತೇರಿನ ದಿನ ಗರುಡ ಬಂದು ಮೇಲೆ ಸುತ್ತು ಹಾಕಿದ ಮೇಲೇ ತೇರಿಗೆ ಕೈ ಹಚ್ಚುವ ಊರುಗಳು ಈಗಲೂ ಎಷ್ಟೋ ಇವೆ.

ಗರುಡ ಅಂದರೆ ಕಂದುಗೆಂಪು ಮೈ, ಬೆಳ್ಳಗಿನ ತಲೆ ಮತ್ತು ಎದೆ. ನೋಡಲು ಚಂದ, ಒಪ್ಪಿದೆ. ಆದರೆ ಊಟ? ಮಂಗಳೂರು ಕಡೆ ಮೀನು ಬಂದರಿಗೆ ಹೋಗಿ ನೋಡಿ. ದೋಣಿಯಿಂದ ಎಸೆದ ಸತ್ತ ಮೀನಿಗೆ ಹದ್ದು, ಕಾಗೆ, ಗರುಡ ಮೂವರೂ ಒಟ್ಟಿಗೆ ಕಿತ್ತಾಡುತ್ತಿರುತ್ತಾರೆ. ಗರುಡ ಏಡಿ ತಿನ್ನುತ್ತದೆ, ಕಪ್ಪೆ ತಿನ್ನುತ್ತದೆ, ಬೇರೆ ಹಕ್ಕಿ ಹಿಡಿದದ್ದನ್ನು ಕಸಿದುಕೊಳ್ಳುತ್ತದೆ, ಸಿಕ್ಕರೆ ಕೋಳಿಮರಿಯನ್ನೂ ಬಿಡುವುದಿಲ್ಲ. ಹಾವು ಹಿಡಿಯುವುದೂ ಹೌದು. ಆದರೆ ಹಾವನ್ನೇ ನಂಬಿ ಬದುಕುವ ಹಕ್ಕಿ ಬೇರೆಯೇ ಇದೆ. ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತು, ಕೆಳಗೆ ಹುಡುಕುವ ದಪ್ಪ ತಲೆಯ ಗಿಡುಗ. ಹಾವನ್ನು ತಲೆ ಕಡೆಯಿಂದ ಶುರು ಮಾಡಿ ಇಡಿಯಾಗಿ ನುಂಗುತ್ತದೆ, ನಾವು ಶಾವಿಗೆ ಎಳೆದ ಹಾಗೆ. ಅದಕ್ಕೆ ಯಾರೂ ಕೈ ಮುಗಿಯುವುದಿಲ್ಲ. ಬಣ್ಣ ಸಪ್ಪೆ, ಹೆಸರೂ ಜನಕ್ಕೆ ಗೊತ್ತಿಲ್ಲ.

ಹದ್ದಿನ ಪಾಲಿಗೆ ಬಂದಿದ್ದು ಬೈಗುಳ ಮಾತ್ರ. ಆದರೆ ಒಂದು ತಮಾಷೆ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ವಿಲಿಯಂ ಸೈಕ್ಸ್ ಅಂತ ಒಬ್ಬ ಅಧಿಕಾರಿ ಇದ್ದ. 1832ರಲ್ಲಿ ಆತ ದಖ್ಖನ್ನಿನ ಹಕ್ಕಿಗಳ ಬಗ್ಗೆ ಬರೆದಾಗ ನಮ್ಮ ಈ ಕಸ ಹೆಕ್ಕುವ, ಮರಿ ಕದಿಯುವ ಹದ್ದಿಗೆ ಇಟ್ಟ ಹೆಸರು ಗೋವಿಂದ. ಈಗಲೂ ಅದರ ವೈಜ್ಞಾನಿಕ ಹೆಸರು ಮಿಲ್ವಸ್ ಮೈಗ್ರಾನ್ಸ್ ಗೋವಿಂದ. ವಿಷ್ಣುವಿನ ವಾಹನಕ್ಕೆ ಸಿಕ್ಕಿದ್ದು ಹಾಲಿಯಾಸ್ಟರ್ ಇಂಡಸ್ ಅನ್ನುವ ಒಣ ಹೆಸರು. ವಿಷ್ಣುವಿನ ಹೆಸರು ಮಾತ್ರ ಹದ್ದಿನ ಪಾಲಾಗಿದೆ!

ಇದನ್ನು ಅತ್ತೆಗೆ ಹೇಳಿದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಆ ದೊರೆಗೆ ತಲೆ ಕೆಟ್ಟಿತ್ತು," ಅಂದರು.

ಬೆಂಗಳೂರಿನವರಾಗಿ ನಾವು ಹದ್ದನ್ನು ಬೈಯುವುದು ಸ್ವಲ್ಪ ಅತಿಯಾಯಿತು ಅನಿಸುತ್ತದೆ ನನಗೆ. ಅದನ್ನು ಇಷ್ಟು ಸಂಖ್ಯೆಯಲ್ಲಿ ಸಾಕುತ್ತಿರುವವರೇ ನಾವು. ಹದ್ದಿನ ಕಾಲು ಅಷ್ಟೇನೂ ಗಟ್ಟಿಯಲ್ಲ, ದೊಡ್ಡ ಬೇಟೆ ಅದರ ಕೈಲಾಗದು. ಸತ್ತ ಇಲಿ, ಕೋಳಿ ಅಂಗಡಿಯ ಕರುಳು, ಮೀನಿನ ತಲೆ ಇವೇ ಅದರ ಮೃಷ್ಟಾನ್ನ. ನಮ್ಮ ಮಾರ್ಕೆಟ್ಟಿನ ಹಿಂದೆ ಸಂಜೆ ನಾಲ್ಕರ ಹೊತ್ತಿಗೆ ಕೋಳಿ ಅಂಗಡಿ ಹುಡುಗ ಬಕೆಟ್ ಹಿಡಿದು ಹೊರಗೆ ಬರುತ್ತಾನೆ. ಅವನು ಬರುವ ಐದು ನಿಮಿಷ ಮೊದಲೇ ಆಕಾಶದಲ್ಲಿ ಮೂವತ್ತು ನಲವತ್ತು ಹದ್ದು ಸುತ್ತುತ್ತಿರುತ್ತವೆ. ಅವನು ತುಣುಕು ಮೇಲಕ್ಕೆ ಎಸೆದರೆ ಒಂದೂ ನೆಲಕ್ಕೆ ಬೀಳುವುದಿಲ್ಲ. ಕಾಲಲ್ಲಿ ಹಿಡಿದು, ಹಾರುತ್ತಲೇ ಕಾಲನ್ನು ಕೊಕ್ಕಿನ ಹತ್ತಿರ ತಂದು ತಿಂದು ಮುಗಿಸುತ್ತವೆ. ಹಳೇ ದಿಲ್ಲಿಯಲ್ಲಿ ಹರಕೆಯಾಗಿ ಹದ್ದುಗಳಿಗೆ ಮಾಂಸ ಎಸೆಯುವ ಪದ್ಧತಿಯೇ ಇದೆ. ಆ ಕಡೆಗಳಲ್ಲಿ ಹದ್ದಿನ ಗೂಡುಗಳೂ ಹೆಚ್ಚು ಅಂತ ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು ತೋರಿಸಿದ್ದಾರೆ.

ಹದ್ದಿನ ಊಟ ನಮ್ಮ ಊಟವನ್ನು ನಿಲ್ಲಿಸುವುದೂ ಉಂಟು. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ಏರ್ ಶೋ ನಡೆಯುತ್ತದಲ್ಲ, ಆಗ ಸುತ್ತಮುತ್ತ ಮಾಂಸದಂಗಡಿ ಬಂದ್. 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ ಅಂತ ಆದೇಶವಾಗಿತ್ತು. ಕಸಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿದರೆ ಎರಡೂ ಬೀಳಬಹುದು. ಕೋಟಿಗಟ್ಟಲೆ ಬೆಲೆಯ ಯುದ್ಧವಿಮಾನಕ್ಕೆ ದಾರಿ ಬಿಡಲು ಬಿರಿಯಾನಿ ಜಾಗ ಖಾಲಿ ಮಾಡಬೇಕಾಯಿತು.

ಈ ಹದ್ದು ದಡ್ಡ ಹಕ್ಕಿಯಲ್ಲ. ಇದರ ಜಾತಿಯವು ಯುರೋಪ್‌ನಿಂದ ಆಸ್ಟ್ರೇಲಿಯಾವರೆಗೆ ಹರಡಿವೆ. ಸ್ಪೇನಿನ ದೊನ್ಯಾನಾದಲ್ಲಿ ಇವು ಗೂಡಿಗೆ ಬಿಳಿ ಪ್ಲಾಸ್ಟಿಕ್ ಸಿಕ್ಕಿಸುತ್ತವೆ. ಗಟ್ಟಿಮುಟ್ಟಾದ ಜೋಡಿ ಹೆಚ್ಚು ಸಿಕ್ಕಿಸುತ್ತದೆ, ಬಲವಿಲ್ಲದ್ದು ಕಡಿಮೆ. ನನ್ನ ತಂಟೆಗೆ ಬರಬೇಡ ಅಂತ ಊರಿಗೆಲ್ಲ ಹಾಕಿದ ಬೋರ್ಡು ಅದು. ಅಲ್ಲಿನ ಸಂಶೋಧಕರು 2011ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ನಮ್ಮ ಬೀದಿಯ ಟವರಿನ ಮೇಲಿನ ಗೂಡಿನಲ್ಲಿ ನಮ್ಮ ಪಕ್ಕದ ಮನೆಯವರ ಮಸಿಬಟ್ಟೆ, ಕೇಬಲ್ ವೈರು, ಹಾಲಿನ ಕವರು ಎಲ್ಲ ಇವೆ. ಬಹಳ ಗಟ್ಟಿ ಜೋಡಿ ಇರಬೇಕು. ಇನ್ನು ಉತ್ತರ ಆಸ್ಟ್ರೇಲಿಯಾದಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಈ ಹದ್ದುಗಳು ಉರಿಯುವ ಕಡ್ಡಿ ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ಹಾಕುತ್ತವಂತೆ, ಬೆಂಕಿಗೆ ಹೆದರಿ ಓಡುವ ಹಲ್ಲಿ, ಹುಳ ಹಿಡಿಯಲು. ಅಲ್ಲಿನ ಮೂಲನಿವಾಸಿಗಳು ಇದನ್ನು ತಲೆತಲಾಂತರದಿಂದ ಹೇಳುತ್ತಿದ್ದರು. ವಿಜ್ಞಾನದ ಪತ್ರಿಕೆಗೆ ಅದು ಬಂದದ್ದು 2017ರಲ್ಲಿ.

ರಣಹದ್ದಿನ ವಿಷಯಕ್ಕೆ ಬಂದರೆ ನನಗೆ ಈ ತಮಾಷೆ ಬರುವುದಿಲ್ಲ.

ಚಿಕ್ಕವಳಿದ್ದಾಗ ಅಜ್ಜಿಯ ಊರಿನ ಹೊರಗೆ ಬೋರೆಯ ಮೇಲೆ ಸತ್ತ ದನ ಎಳೆದು ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ರಣಹದ್ದುಗಳು ಇಳಿಯುತ್ತಿದ್ದವು. ಆ ಕಡೆ ಹೋಗಬೇಡಿ ಅಂತ ನಮಗೆ ತಾಕೀತು. ಹೋಗಿ ಬಂಡೆ ಹಿಂದಿಂದ ನೋಡುತ್ತಿದ್ದೆವು. ಕುತ್ತಿಗೆಯಲ್ಲಿ ಗರಿಯಿಲ್ಲ, ಹೊಟ್ಟೆಯೊಳಗೆ ತಲೆ ಹಾಕಿ ತಿನ್ನುವವಕ್ಕೆ ಗರಿ ಇದ್ದರೆ ರಕ್ತ ಮೆತ್ತಿಕೊಳ್ಳುತ್ತದೆ. ಕಾಲಿನಲ್ಲಿ ಹಿಡಿತವಿಲ್ಲ, ಮರಿಗೆ ಊಟವನ್ನು ಗಂಟಲ ಚೀಲದಲ್ಲೇ ಹೊತ್ತೊಯ್ದು ಕಕ್ಕಬೇಕು. ಕೊಳೆತ ಮಾಂಸದ ರೋಗಗಳನ್ನೂ ಸುಟ್ಟುಹಾಕುವಂಥ ಹುಳಿ ಅದರ ಹೊಟ್ಟೆಯಲ್ಲಿದೆ. ಸಂಜೆಗೆ ಅಲ್ಲಿ ಮೂಳೆ ಬಿಟ್ಟು ಏನೂ ಇರುತ್ತಿರಲಿಲ್ಲ. ವಾಸನೆಯೂ ಇಲ್ಲ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಹೆಣ ಅಲ್ಲೇ ಕೊಳೆಯತೊಡಗಿತು. ನಾಯಿಗಳು ಬಂದವು. ರಣಹದ್ದು ಎಲ್ಲಿ ಹೋದವು ಅಂತ ಊರಲ್ಲಿ ಯಾರೂ ಕೇಳಿದ ನೆನಪಿಲ್ಲ.

ಕಾರಣ ಗೊತ್ತಾದದ್ದು 2004ರಲ್ಲಿ. ಲಿಂಡ್ಸೆ ಓಕ್ಸ್ ಅನ್ನುವ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷೆ ಮಾಡಿ ಹೇಳಿದರು: ಡೈಕ್ಲೋಫಿನಾಕ್. ನಮ್ಮ ಮಂಡಿನೋವಿಗೆ ನುಂಗುವ ಮಾತ್ರೆಯ ಮದ್ದೇ. ದನಗಳ ಜ್ವರಕ್ಕೆ, ಊತಕ್ಕೆ ಅದನ್ನೇ ಚುಚ್ಚುತ್ತಿದ್ದರು. ಆ ದನ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಈ ಮದ್ದಿದ್ದರೂ ಸಾಕು, ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಸೇರುತ್ತವಲ್ಲ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಬಿಳಿ ಬೆನ್ನಿನ ರಣಹದ್ದು ನಮ್ಮ ದೇಶದಲ್ಲಿ 1992ರಲ್ಲಿ ಸಾವಿರ ಇದ್ದ ಕಡೆ 2007ರ ಹೊತ್ತಿಗೆ ಒಂದು ಉಳಿಯಿತು. ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರಿಗೆ ಅಂತ ಬರುವ ದೊಡ್ಡ ಬಾಟಲಿಗಳನ್ನೇ ದನಕ್ಕೆ ಚುಚ್ಚುತ್ತಿದ್ದರಿಂದ 2015ರಲ್ಲಿ ಅದನ್ನೂ 3 ಮಿಲಿಲೀಟರಿನ ಸೀಸೆಗೆ ಇಳಿಸಿದರು. ಅದೇ ಕೆಲಸಕ್ಕೆ ಮೆಲಾಕ್ಸಿಕಾಮ್ ಅನ್ನುವ ಮದ್ದು ಇದೆ, ಅದರಿಂದ ಹಕ್ಕಿಗೆ ತೊಂದರೆಯಿಲ್ಲ.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮ ಅಂತ ಮಾಡಿದರು, ಸುಮಾರು 346 ಹೆಕ್ಟೇರ್. ದೇಶದಲ್ಲೇ ಅಂಥದ್ದು ಮೊದಲು. ಎರಡು ವರ್ಷದ ಹಿಂದೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅವರು ಬಂದದ್ದು ಬೆಟ್ಟದ ಮೇಲಿನ ದೇವರಿಗೆ, ನಾನು ಹೋದದ್ದು ಬಂಡೆಯ ಸಂದಿಯ ಹಕ್ಕಿಗೆ. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಮೂರು ಗಂಟೆ ಕಾದು ಒಂದನ್ನು ಕಂಡೆ. ಬಹಳ ದೂರ, ಬಹಳ ಎತ್ತರ, ರೆಕ್ಕೆ ಒಮ್ಮೆಯೂ ಬಡಿಯದೆ ಬಂಡೆಯ ಹಿಂದೆ ಹೋಯಿತು. ರಾಮಾಯಣದಲ್ಲಿ ಸೀತೆಗಾಗಿ ರೆಕ್ಕೆ ಕಳೆದುಕೊಂಡವನು ಜಟಾಯು. ನಾವು ಟಿವಿಯಲ್ಲಿ ಯಾರನ್ನಾದರೂ ಬೈಯಬೇಕಾದರೆ "ರಣಹದ್ದುಗಳ ಹಾಗೆ ಮುಕ್ಕುತ್ತಾರೆ" ಅನ್ನುತ್ತೇವೆ. ಇಡೀ ಬದುಕಿನಲ್ಲಿ ಒಂದು ಜೀವವನ್ನೂ ಸಾಯಿಸದೆ ಹೊಟ್ಟೆ ತುಂಬಿಸಿಕೊಳ್ಳಬಲ್ಲ ಹಕ್ಕಿ ಅದು. ಬೈಗುಳ ಸರಿಯಾದ ವಿಳಾಸಕ್ಕೆ ಹೋಗಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಮತ್ತೆ ಮಾವಿನ ಮರಕ್ಕೆ ಬರುತ್ತೇನೆ. ಮೇ ಮೊದಲ ವಾರದಲ್ಲಿ ಮೂರು ಮರಿ ಕಂಡವು, ಬಿಳಿ ಹತ್ತಿ ಉಂಡೆಗಳು. ಮೂರಕ್ಕೂ ಒಂದೊಂದು ಗಾತ್ರ, ಒಡೆದ ದಿನ ಬೇರೆ ಬೇರೆ. ಹೆಣ್ಣು ಮಾಂಸವನ್ನು ಕಡಲೆಬೇಳೆಯಷ್ಟು ಸಣ್ಣ ಸಣ್ಣ ಚೂರು ಮಾಡಿ, ಕತ್ತು ಓರೆ ಮಾಡಿ ಬಾಯಿಗಿಡುತ್ತಿತ್ತು. ಅಳಿಲನ್ನು ಹಿಸುಕಿದ ಅದೇ ಕೊಕ್ಕು, ಉಗುರು. ಮೊದಲು ಬಾಯಿ ತೆರೆದದ್ದಕ್ಕೆ ಮೊದಲ ತುತ್ತು, ಅದು ಯಾವಾಗಲೂ ದೊಡ್ಡದೇ. ಒಂದು ವಾರ ಬಿಡದೆ ಮಳೆ ಹಿಡಿಯಿತು. ಗಂಡು ಬರಿಗಾಲಲ್ಲಿ ವಾಪಸು ಬರುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ ಮರಿ ಎರಡೇ. ಚಿಕ್ಕದು ಏನಾಯಿತು ಅಂತ ನಾವು ನೋಡಲಿಲ್ಲ. ಅತ್ತೆ ಆವತ್ತಿನ ಚೌಕದಲ್ಲಿ ಹಾಲಿನ ಲೆಕ್ಕವನ್ನೂ ಬರೆಯಲಿಲ್ಲ.

ಉಳಿದ ಎರಡು ಜೂನ್ ಶುರುವಿನಲ್ಲಿ ಕೊಂಬೆಗೆ ಬಂದವು. ಅದೇ ವಾರ ಒಂದು ಸಂಜೆ ಮಳೆ ಬಿಟ್ಟು ಈಸಲು ಹುಳ ಎದ್ದವು, ಬೀದಿ ದೀಪದ ಸುತ್ತ ಮೋಡದ ಹಾಗೆ. ಕಾಗೆ, ಮೈನಾ, ಕಾಜಾಣ, ಹದ್ದು ಯಾರೂ ಬಿಡಲಿಲ್ಲ. ಎಳೇ ಬಿಜ್ಜುಗಳೂ ತಪ್ಪು ತಪ್ಪಾಗಿ ಹಾರಿ, ಒಂದಕ್ಕೊಂದು ಡಿಕ್ಕಿ ಹೊಡೆದು, ಕಾಲಲ್ಲಿ ಹುಳ ಹಿಡಿಯಲು ನೋಡಿದವು. ನಮ್ಮ ಅಜ್ಜಿಯೂ ಈಸಲು ಹಿಡಿದು, ರೆಕ್ಕೆ ಉದುರಿಸಿ, ಹುರಿದು, ಉಪ್ಪು ಖಾರ ಹಾಕಿ ಕೊಡುತ್ತಿದ್ದಳು. ಅದರ ರುಚಿ ಈಗಲೂ ನಾಲಿಗೆ ಮೇಲಿದೆ. ಮಗಳಿಗೆ ಹೇಳಿದೆ. ಮುಖ ಕಿವುಚಿ, "ಅಮ್ಮ, ನೀನೂನಾ?" ಅಂದಳು.

ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಗಾಳಿಪಟ. ನೈಲಾನ್ ಮಾಂಜಾವನ್ನು 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಾದ್ಯಂತ ನಿಷೇಧಿಸಿದೆ. ಆದರೂ ನಮ್ಮ ರಸ್ತೆಯ ವೈರುಗಳಲ್ಲಿ ಅದು ಮಿನುಗುತ್ತಿತ್ತು. ಒಂದು ಮಧ್ಯಾಹ್ನ ಹದ್ದೊಂದು ರೆಕ್ಕೆ ಸಿಕ್ಕಿಸಿಕೊಂಡು ಮಾವಿನ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಹಕ್ಕಿಗಳನ್ನು ಕಾಪಾಡುವ ಹುಡುಗರಿಗೆ ಫೋನ್ ಮಾಡಿ, ಅವರು ಬಂದು ಉದ್ದ ಕೋಲಿನಿಂದ ಬಿಡಿಸುವವರೆಗೆ ಎರಡು ಗಂಟೆ. ಅಷ್ಟು ಹೊತ್ತೂ ಅತ್ತೆ ಬಾಲ್ಕನಿಯಿಂದ ಒಳಗೆ ಬರಲಿಲ್ಲ. ಹುಡುಗರು ಅದನ್ನು ಟವೆಲ್ಲಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಇಟ್ಟರು. ತಲೆಗೆ ಬಟ್ಟೆ ಮುಚ್ಚಿದ ಕೂಡಲೇ ಹಕ್ಕಿ ತಣ್ಣಗಾಯಿತು. ಮೂಳೆ ಮುರಿದಿಲ್ಲ, ಚರ್ಮ ಮಾತ್ರ ಕೊಯ್ದಿದೆ, ಒಂದು ತಿಂಗಳಾದರೂ ಬೇಕು ಅಂದರು. "ಇದಕ್ಕೆ ತಿನ್ನೋಕೆ ಏನು ಕೊಡ್ತೀರಪ್ಪಾ?" ಅಂತ ಅತ್ತೆ ಕೇಳಿದರು. ಕೋಳಿ ಅಂದ ಹುಡುಗ. "ಮೂಳೆ ಸಮೇತ ಕೊಡಿ," ಅಂದರು ಅತ್ತೆ.

ಶ್ರಾವಣದ ಎರಡನೇ ಶನಿವಾರ. ಸ್ನಾನ ಮಾಡಿ, ನಾಮ ಇಟ್ಟುಕೊಂಡು, ತಿಮ್ಮಪ್ಪನಿಗೆ ದೀಪ ಹಚ್ಚಿ ಅತ್ತೆ ಬಾಲ್ಕನಿಗೆ ಬಂದರು. ಕಟ್ಟೆ ಮೇಲೆ ಕಡಲೆಕಾಯಿ ಬೀಜ ಇಟ್ಟರು, ಹೊಸ ಅಳಿಲೊಂದು ಬರುತ್ತಿತ್ತು. ಮೇಲೆ ನೋಡಿ ಕೈ ಮುಗಿದು ನಿಂತರು. ನಾನೂ ನೋಡಿದೆ. ಟವರಿನ ಮೇಲೆ ಒಂದು ಹಕ್ಕಿ ಸುತ್ತುತ್ತಿತ್ತು. ಬಾಲ ಮೀನಿನ ಬಾಲದ ಹಾಗೆ ಕವಲು.

"ಅತ್ತೆ, ಅದು ಗರುಡ ಅಲ್ಲ. ಹದ್ದು."

"ಗೊತ್ತು ಕಣೇ. ಗೋವಿಂದ ಅಂದಿದ್ದೆಯಲ್ಲ," ಅಂದರು. ಆಮೇಲೆ ಬೀಜ ಇನ್ನೊಂದು ಹಿಡಿ ತರಲು ಒಳಗೆ ಹೋದರು.